ಹೈಫಾದ ರಾವುತರು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಸೀಮೆಗಳಲ್ಲಿ ವೀರಗಲ್ಲುಗಳು ವಿರಳವಲ್ಲ. ತುರುಗಳನ್ನು ಬಿಡಿಸಿತರಲು ಹೋಗಿ ಮಡಿದ ಭಟನನ್ನು ಹಿಂದಿನವರು ಕಲ್ಲಿನಲ್ಲಿ ಕಡೆಯಿಸಿ ನಿಲ್ಲಿಸಿದರು. ಈ ತಾಲ್ಲೂಕುಗಳೆಲ್ಲ ಸೇರಿದ್ದ ಮೈಸೂರು ಸಂಸ್ಥಾನದ ರಾವುತರೇ ಕಡಲಾಚೆ ವರ್ಷಗಟ್ಟಲೆ ಹೋರಾಡಿದ ಒಂದು ಯುದ್ಧವನ್ನಾದರೋ ನೆನೆಯುವವರು ಕೆಲವರೇ.

೧೯೧೪ರಲ್ಲಿ ಮಹಾಯುದ್ಧವು ಮೊದಲಾದಾಗ ನಾಲ್ವಡಿ ಕೃಷ್ಣರಾಜ ಒಡೆಯರವರು ೫೦ ಲಕ್ಷ ರೂಪಾಯಿಗಳನ್ನಿತ್ತರು. ಭರ್ಜಿಯ ಕುದುರೆದಳವಾದ ಮೈಸೂರು ಲ್ಯಾನ್ಸರ್ಸನ್ನೂ ಕಳುಹಿದರು. ಆ ದಳವು ಈಜಿಪ್ಟಿನಲ್ಲಿ ಸುಯೆಜ್ ಕಾಲುವೆಯನ್ನು ಕಾದು, ತರುವಾಯ ಪಾಲಸ್ತೀನವನ್ನು ಹೊಕ್ಕಿತು. ಫ್ರಾನ್ಸಿನ ಕಂದಕಗಳ ಕಥೆಯನ್ನೇ ವಿಸ್ತರಿಸಿದ ಇತಿಹಾಸಗಳಲ್ಲಿ ಈ ರಣಭೂಮಿಗೆ ದೊರೆತುದು ಮೂಲೆಯ ಸ್ಥಾನ.

೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ಪಟ್ಟಣವನ್ನು ಹಿಡಿಯಬೇಕಾಯಿತು. ಒಂದು ಕಡೆ ಕಿಶೋನ್ ನದಿ, ಮತ್ತೊಂದು ಕಡೆ ಕಾರ್ಮೆಲ್ ಪರ್ವತ. ನಡುವಣ ದಾರಿಯು ಇಕ್ಕಟ್ಟು, ಮೇಲಿನಿಂದ ಫಿರಂಗಿಯ ಸುರಿಮಳೆ. ಜೋಧಪುರದ ರಾವುತರು ಕೆಳಗಿನಿಂದ ನುಗ್ಗಿದರು. ಮೈಸೂರಿನ ಒಂದು ತುಕಡಿಯು ಕಡಿದಾದ ಬೆಟ್ಟವನ್ನೇರಿ ಮೇಲಿನ ಫಿರಂಗಿಗಳನ್ನು ವಶಪಡಿಸಿಕೊಂಡಿತು. ಅಂದು ಸೆರೆಸಿಕ್ಕಿದವರು ೧,೩೫೦ ಮಂದಿ, ಫಿರಂಗಿಗಳು ೧೭. ಗೆದ್ದವರಲ್ಲಿ ಮಡಿದವರು ೮, ಗಾಯಗೊಂಡವರು ೩೪. ಸತ್ತ ಕುದುರೆಗಳು ೬೦. ಕುದುರೆಯ ಲೆಕ್ಕವನ್ನು ಇಲ್ಲಿ ಬಿಡತಕ್ಕದ್ದಲ್ಲ, ರಾವುತನಿಗೆ ಅದು ಒಡಹುಟ್ಟಿನಂತಹುದು. ಅಕ್ಟೋಬರ್ ೨೬ರಂದು ಅಲೆಪ್ಪೊ ನಗರದ ಬಳಿಯ ಹರಿತಾನದಲ್ಲಿ ಇವರು ಮತ್ತೊಮ್ಮೆ ಕಾದಿದರು.

ದೆಹಲಿಯಲ್ಲಿ ೧೯೨೨ರಲ್ಲಿ ನಿಲ್ಲಿಸಿದ ತೀನ್ ಮೂರ್ತಿಯಲ್ಲಿ ಒಬ್ಬನು ಮೈಸೂರಿನ ಯೋಧನೆಂಬುದನ್ನು ಆ ದಾರಿಯಲ್ಲಿ ಹಾದುಹೋಗುವ ಕನ್ನಡಿಗರೂ ಅರಿಯರು. ಬೆಂಗಳೂರಿನ ಜೆ. ಸಿ. ನಗರದಲ್ಲಿಯೂ ಈ ದಳದ ಸ್ಮಾರಕವುಂಟು. ಕಲ್ಲು ಹೆಸರನ್ನು ಉಳಿಸೀತು, ಮಾತನ್ನು ಉಳಿಸಲಾರದು. ಯುದ್ಧದ ವರದಿಗಳನ್ನು ಬರೆದವರು ಅಧಿಕಾರಿಗಳು. ಬಾಯಾರಿಕೆ, ಮರಳುಗಾಳಿ, ಮನೆಗೆ ಕಳುಹಿದ ಹಣ, ಇವುಗಳನ್ನು ಸಾಮಾನ್ಯ ರಾವುತನ ಬಾಯಿಂದಲೇ ಕೇಳಬೇಕಾಗಿತ್ತು. ಈಗ ಅವರಲ್ಲಿ ಒಬ್ಬರೂ ಉಳಿದಿಲ್ಲ.

೧೮೦೦ರ ಸುಮಾರಿನಲ್ಲಿ ಮೆಕೆಂಜಿ ಸಾಹೇಬರೂ ಅವರ ಸಹಾಯಕರಾದ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಮುಂತಾದವರೂ ಊರೂರಿನ ವೃದ್ಧರನ್ನು ವಿಚಾರಿಸಿ ಕೈಫಿಯತ್ತುಗಳನ್ನು ಸಂಗ್ರಹಿಸಿದ್ದರು. ಅಂತಹ ಮಾದರಿಯು ಕಣ್ಣೆದುರಿಗಿದ್ದೂ ಮರಳಿಬಂದ ರಾವುತರ ಜಗಲಿಯಲ್ಲಿ ಲೇಖನಿ ಹಿಡಿದು ಕುಳಿತವರು ತೀರ ಕಡಿಮೆಯಾದುದು ಶೋಚನೀಯವೇ ಸರಿ. ಮೊಮ್ಮಕ್ಕಳು ಕೇಳಿ ಬಲ್ಲುದನ್ನಾದರೂ ಇಂದು ಬರೆದಿಡಬಹುದು. ಮನೆಮಾತು ತಲೆಮಾರಿಗೊಮ್ಮೆ ಬೆಳೆಯುವ ವಸ್ತುವಾದುದರಿಂದ ತಾರೀಖು, ಸ್ಥಳಗಳೊಡನೆ ತಾಳೆನೋಡುವುದು ಅವಶ್ಯ. ತಾತನು ಎಷ್ಟು ಶೂರನೆಂದು ಕೇಳುವುದಕ್ಕಿಂತ, ಕುದುರೆಯನ್ನು ಏನೆಂದು ಕರೆಯುತ್ತಿದ್ದನು, ಮನೆಯ ಕಾಗದವನ್ನು ಯಾರಿಂದ ಬರೆಯಿಸುತ್ತಿದ್ದನು ಎಂದು ಕೇಳುವುದು ಲೇಸು. ಪೆಟ್ಟಿಗೆಯ ತಳದಲ್ಲಿ ಬೆಳ್ಳಿಯ ಪದಕವೇನಾದರೂ ಉಳಿದಿದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ಯೋಧನ ಹೆಸರನ್ನೂ ದಳವನ್ನೂ ಅಲ್ಲಿಯೇ ಸಣ್ಣ ಅಕ್ಷರಗಳಲ್ಲಿ ಕೆತ್ತಿಸುತ್ತಿದ್ದರು.