ಲಿನಕ್ಸ್ ತೆರೆ ಕಪ್ಪಾದಾಗ: ಗ್ರಾಫಿಕ್ಸ್ ಚಾಲಕದ ದೋಷ ಪತ್ತೆ

ಕರ್ನೆಲ್ ಪರಿಷ್ಕರಣೆಯ ಬಳಿಕ ಲಿನಕ್ಸ್ ಗಣಕದ ತೆರೆ ಕಪ್ಪಾದರೆ ಕಡತಗಳು ನಾಶವಾದವೆಂದು ಗಾಬರಿಗೊಳ್ಳಬೇಕಾಗಿಲ್ಲ. ಅನೇಕ ವೇಳೆ ಕೆಟ್ಟಿರುವುದು ಗ್ರಾಫಿಕ್ಸ್ ಚಾಲಕ ಮಾತ್ರ. ಆತುರದಿಂದ ಡಿಸ್ಕ್ ಅಳಿಸಿ ಮರುಸ್ಥಾಪನೆಗೆ ಇಳಿದರೆ ಇಲ್ಲದ ನಷ್ಟ ನಿಜವಾಗುತ್ತದೆ.

ಎನ್‌ವಿಡಿಯಾ ಸಂಸ್ಥೆಯ ಚಾಲಕವು ಕರ್ನೆಲ್‌ನ ಹೊರಗೆ ಸಿದ್ಧವಾಗುವ ಮಾಡ್ಯೂಲ್. ಕರ್ನೆಲ್ ಬದಲಾದಾಗ ಅದನ್ನು ಮರುರೂಪಿಸಲು ಡಿಕೆಎಂಎಸ್ ಎಂಬ ಸಾಧನವಿದೆ; ಹೊಸ ಕರ್ನೆಲ್‌ನ ಹೆಡರ್ ಕಡತಗಳಿಲ್ಲದಿದ್ದರೆ ಅದು ವಿಫಲವಾಗುತ್ತದೆ. ಸೆಕ್ಯೂರ್ ಬೂಟ್ ಸಕ್ರಿಯವಾಗಿರುವ ಗಣಕಗಳಲ್ಲಿ ಸಹಿಯಿಲ್ಲದ ಮಾಡ್ಯೂಲ್ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ.

ಮೊದಲು ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಅಕ್ಷರ ತೆರೆ ಮೂಡಿದರೆ ವ್ಯವಸ್ಥೆ ಚಾಲನೆಯಲ್ಲಿದೆ ಎಂದರ್ಥ. ಮೂಡದಿದ್ದರೆ ಗಣಕವನ್ನು ಮರುಚಾಲನೆಗೊಳಿಸಿ, ಗ್ರಬ್ ಪಟ್ಟಿಯಿಂದ ಹಿಂದಿನ ಕರ್ನೆಲನ್ನು ಆರಿಸಿರಿ. ಅದರಲ್ಲಿ ತೆರೆ ಸರಿಯಾದರೆ ಹೊಸ ಕರ್ನೆಲ್‌ಗೆ ಚಾಲಕ ಹೊಂದಿಲ್ಲವೆಂಬ ಅನುಮಾನ ಬಲಗೊಳ್ಳುತ್ತದೆ; ಹೆಡರ್‌ಗಳನ್ನು ಸೇರಿಸಿ ಚಾಲಕವನ್ನು ಮರುಸ್ಥಾಪಿಸಬೇಕು. ಅದೂ ಫಲಿಸದಿದ್ದರೆ, ಗ್ರಬ್‌ನಲ್ಲಿ ಕರ್ನೆಲ್ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿದಲ್ಲಿ ಕಡತಗಳನ್ನು ನಕಲು ಮಾಡಿಕೊಳ್ಳುವಷ್ಟು ತೆರೆ ದೊರೆಯಬಹುದು. ಇದು ತಾತ್ಕಾಲಿಕ ಉಪಾಯವೇ ಹೊರತು ಪರಿಹಾರವಲ್ಲ.

ಕೊನೆಗೆ 'ಜರ್ನಲ್‌ಸಿಟಿಎಲ್' ಆಜ್ಞೆಯಿಂದ ಹಿಂದಿನ ಚಾಲನೆಯ ದಾಖಲೆಯನ್ನು ಪರಿಶೀಲಿಸಿರಿ. ಯಾವ ಕರ್ನೆಲ್‌ನಲ್ಲಿಯೂ 'ಎಕ್ಸ್‌ಐಡಿ' ದೋಷಸಂದೇಶ ಮರುಕಳಿಸುತ್ತಿದ್ದರೆ ಕಾರ್ಡಿನ ಶಾಖ ಹಾಗೂ ವಿದ್ಯುತ್ ಪೂರೈಕೆಯನ್ನೂ ಪರೀಕ್ಷಿಸುವುದು ಒಳಿತು.