ಹೆಸರು ಹೊರಬಂತು, ಮತ ಒಳಗೇ ಉಳಿಯಿತು

ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹುದ್ದೆಗೆ ಭದ್ರತಾ ಮಂಡಳಿ ನಿಮ್ಮನ್ನು ಆರಿಸಿದೆ ಎಂದು 1953ರ ಏಪ್ರಿಲ್ 1ರ ಹೊಸ್ತಿಲಲ್ಲಿ ಪತ್ರಕರ್ತರು ಫೋನ್ ಮಾಡಿ ಹೇಳಿದಾಗ, ಸ್ವೀಡನ್ನಿನ ಖಾತೆರಹಿತ ಮಂತ್ರಿ ಡಾಗ್ ಹ್ಯಾಮರ್‌ಷೋಲ್ಡ್ ಅದನ್ನು ಏಪ್ರಿಲ್ ಫೂಲ್ ತಮಾಷೆ ಅಂದುಕೊಂಡರಂತೆ. ತಾನೊಬ್ಬ ಅಭ್ಯರ್ಥಿ ಎಂಬುದು ಸ್ವತಃ ಅಭ್ಯರ್ಥಿಗೇ ಗೊತ್ತಿರಲಿಲ್ಲ!

ಈ ಗುಟ್ಟು ಆಕಸ್ಮಿಕವಲ್ಲ. ಭದ್ರತಾ ಮಂಡಳಿಯ ಶಿಫಾರಸಿನಂತೆ ಸಾಮಾನ್ಯ ಸಭೆ ನೇಮಿಸತಕ್ಕದ್ದು ಎಂದಷ್ಟೇ ಸನ್ನದಿನ 97ನೇ ವಿಧಿ ಹೇಳುತ್ತದೆ. ಮಂಡಳಿ ಒಂದೇ ಹೆಸರು ಕಳಿಸಲಿ, ಸಭೆಯಲ್ಲಿ ಅದರ ಚರ್ಚೆ ಬೇಡ ಎಂದು ಸೇರಿಸಿದ್ದು 1946ರ ಜನವರಿಯ ನಿರ್ಣಯ. ಹುದ್ದೆಗೆ ಬರುವವರ ಮಾನ ಬಹಿರಂಗ ಜಗ್ಗಾಟದಲ್ಲಿ ಹರಾಜಾಗಬಾರದು ಎಂಬುದು ಇದರ ಸಮರ್ಥನೆ. ಹ್ಯಾಮರ್‌ಷೋಲ್ಡ್‌ರಂಥ ಸಮರ್ಥರು ಈ ಮುಚ್ಚಿದ ಬಾಗಿಲಿನಿಂದಲೇ ಬಂದದ್ದರಿಂದ ಆ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾಗದು. ಆದರೂ ಗುಟ್ಟಿನ ಲಾಭ ಹೆಚ್ಚು ಸಿಕ್ಕಿದ್ದು ಅಭ್ಯರ್ಥಿಗಳಿಗಲ್ಲ, ಅವರನ್ನು ತಡೆಯುವ ದೇಶಗಳಿಗೆ ಎಂದು ನನಗನ್ನಿಸುತ್ತದೆ.

1981ರಲ್ಲಿ ಕುರ್ಟ್ ವಾಲ್ಡ್‌ಹೈಮ್ ಮೂರನೇ ಅವಧಿ ಬಯಸಿದಾಗ ಚೀನಾ 16 ಸಲ ವಿಟೊ ಚಲಾಯಿಸಿತು. ಟಾಂಜಾನಿಯದ ಸಲೀಂ ಅಹ್ಮದ್ ಸಲೀಂ ಅವರಿಗೆ ಅಮೆರಿಕ ಅಡ್ಡ ನಿಂತಿತು. ಆ ಡಿಸೆಂಬರ್‌ನಲ್ಲಿ ಮಂಡಳಿಯ ಅಧ್ಯಕ್ಷರಾಗಿದ್ದ ಉಗಾಂಡದ ಒಲಾರಾ ಒಟುನ್ನು ಇಬ್ಬರನ್ನೂ ಬದಿಗೆ ಸರಿಯಲು ಒಪ್ಪಿಸಿ, ಯಾರಿಗೆ ಎಷ್ಟು ಬಲವಿದೆ ಎಂದು ಮೊದಲೇ ಅಳೆಯುವ ಅನೌಪಚಾರಿಕ ಮತದಾನ ಶುರುಮಾಡಿದರು. ಪೆರುವಿನ ಪೆರೆಸ್ ದ ಕ್ವೆಯಾರ್ ಗೆದ್ದರು. ಮುಂದೆ ಈ ಅನೌಪಚಾರಿಕ ಮತದಾನದಲ್ಲಿ ವಿಟೊ ಇರುವ ಕಾಯಂ ಸದಸ್ಯರಿಗೆ ಬೇರೆ ಬಣ್ಣದ ಮತಪತ್ರ ಬಂತು. ವಿಟೊ ಇದೆಯೆಂದು ಅದರಿಂದ ತಿಳಿಯುತ್ತದೆ, ಯಾರದೆಂದು ತಿಳಿಯುವುದಿಲ್ಲ. 2006ರ ಅಕ್ಟೋಬರ್ 2ರಂದು ಶಶಿ ತರೂರ್‌ಗೆ 10 ಪರ, 3 ವಿರುದ್ಧ ಮತ ಬಿದ್ದವು. ವಿರುದ್ಧದ್ದರಲ್ಲಿ ಒಂದು ಕಾಯಂ ಸದಸ್ಯರದ್ದು. ತರೂರ್ ಹಿಂದೆ ಸರಿದರು, ಬಾನ್ ಕಿ ಮೂನ್ ಆಯ್ಕೆಯಾದರು.

ನಿಜವಾದ ತಿರುವು 2015ರದ್ದು. ಅಭ್ಯರ್ಥಿಗಳ ಹೆಸರು, ಸ್ವವಿವರಗಳನ್ನು ಎಲ್ಲ ಸದಸ್ಯ ರಾಷ್ಟ್ರಗಳಿಗೂ ಕಳಿಸಬೇಕೆಂದು ಸಾಮಾನ್ಯ ಸಭೆಯ 69/321ನೇ ನಿರ್ಣಯ ಕೇಳಿತು. ಡಿಸೆಂಬರ್‌ನಲ್ಲಿ ಸಭೆ ಮತ್ತು ಮಂಡಳಿಯ ಅಧ್ಯಕ್ಷರು ಜಂಟಿ ಪತ್ರ ಬರೆದು ಹೆಸರು ಸೂಚಿಸಲು ಆಹ್ವಾನಿಸಿದರು. 2016ರ ಏಪ್ರಿಲ್‌ನಲ್ಲಿ ಅಭ್ಯರ್ಥಿಗಳು ಕ್ಯಾಮೆರಾ ಎದುರೇ ತಲಾ ಎರಡು ಗಂಟೆ ಪ್ರಶ್ನೆಗಳಿಗೆ ಉತ್ತರಿಸಿದರು. ಹೆಸರು ಬಯಲಾದರೆ ದೊಡ್ಡವರು ಬರಲು ಹಿಂಜರಿಯುತ್ತಾರೆ ಎಂಬುದು ಹಳೆಯ ಆತಂಕ. ಆದರೂ ಒಟ್ಟು 13 ಮಂದಿ ಬಂದರು, ಅವರಲ್ಲಿ ಏಳು ಮಹಿಳೆಯರು. ಮಾಜಿ ಪ್ರಧಾನಿಗಳೂ ಇದ್ದರು.

ಮತದ ಕೋಣೆ ಮಾತ್ರ ಮುಚ್ಚಿಯೇ ಇತ್ತು. ಜುಲೈ 21ರ ಮೊದಲ ಸುತ್ತಿನ ಲೆಕ್ಕ ಪ್ರಕಟಿಸುವುದಿಲ್ಲ ಎಂದು ಮಂಡಳಿ ನಿರ್ಧರಿಸಿದರೂ ಅಂಕಿಗಳು ಅಂದೇ ಸೋರಿಹೋದವು: ಆಂಟೋನಿಯೊ ಗುಟೆರಸ್‌ಗೆ 12 ಪರ, ವಿರುದ್ಧ ಸೊನ್ನೆ. ಸಭೆಯ ಅಧ್ಯಕ್ಷ ಮೋಗೆನ್ಸ್ ಲುಕೆಟಾಫ್ಟ್ ಈ ಮುಚ್ಚುಮರೆಯನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು. ಹೆಸರು ಸೂಚಿಸಲು ಕಡೇ ದಿನಾಂಕ ಇಲ್ಲದ್ದರಿಂದ ಬಲ್ಗೇರಿಯದ ಕ್ರಿಸ್ಟಲಿನಾ ಜಾರ್ಜಿಯೇವ ಸೆಪ್ಟೆಂಬರ್ ಕೊನೆಗೆ ಕಣಕ್ಕಿಳಿದರು. ಅಕ್ಟೋಬರ್ 5ಕ್ಕೆ ಗುಟೆರಸ್ ಹೆಸರು ಖಚಿತವಾಯಿತು.

2021ರಲ್ಲಿ ಗುಟೆರಸ್ ಒಬ್ಬರದೇ ಹೆಸರಿದ್ದ ಕಾರಣ ಬಹಿರಂಗಪಡಿಸಲು ಹೆಚ್ಚೇನೂ ಇರಲಿಲ್ಲ. 2025ರ ಸೆಪ್ಟೆಂಬರ್‌ನ 79/327ನೇ ನಿರ್ಣಯ ಇನ್ನೊಂದು ಹೆಜ್ಜೆ ಮುಂದಿಟ್ಟು, ಅಭ್ಯರ್ಥಿಗಳು ಪ್ರಚಾರದ ಹಣ ಎಲ್ಲಿಂದ ಬಂತೆಂದು ತಿಳಿಸಬೇಕು ಎಂದಿತು. ಆದರೆ ಅವರನ್ನು ತಡೆಯುವ ಕಾಯಂ ಸದಸ್ಯ ರಾಷ್ಟ್ರ ತನ್ನ ಕಾರಣವನ್ನಾಗಲೀ ಹೆಸರನ್ನಾಗಲೀ ಹೇಳಬೇಕಾಗಿಲ್ಲ.