ಉತ್ತರ ಕೊರಿಯಾ ಅಧ್ಯಯನ: ಬೆಂಗಳೂರಿನಲ್ಲಿ

ಹೊರಜಗತ್ತಿಗೆ ಬಾಗಿಲು ಮುಚ್ಚಿಕೊಂಡಿರುವ ಅಣ್ವಸ್ತ್ರ ರಾಷ್ಟ್ರವಾದ ಉತ್ತರ ಕೊರಿಯಾದ ಸೇನಾ ಸಾಮರ್ಥ್ಯವನ್ನು ದೂರದಿಂದಲೇ ಅಳೆಯುವ ಸಂಶೋಧನೆ. ಬೆಂಗಳೂರಿನಲ್ಲಿ ಇದರ ಮುಖ್ಯ ನೆಲೆ, ಮಲ್ಲೇಶ್ವರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ (ನಿಯಾಸ್). ಜೆ.ಆರ್.ಡಿ. ಟಾಟಾ ಅವರ ಆಶಯದಂತೆ 1988ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ನಿರ್ದೇಶಕರು, ತುಮಕೂರು ಜಿಲ್ಲೆಯಲ್ಲಿ ಜನಿಸಿದ ಅಣುವಿಜ್ಞಾನಿ ರಾಜಾ ರಾಮಣ್ಣ.

ವಿಧಾನ: ಇಲ್ಲಿ ಬೇಹುಗಾರಿಕೆಯಿಲ್ಲ, ಬಹಿರಂಗ ಮಾಹಿತಿಯೇ ಆಧಾರ. 2012ರ ಡಿಸೆಂಬರ್ 12ರಂದು ಉತ್ತರ ಕೊರಿಯಾ ಉನ್ಹಾ-3 ರಾಕೆಟ್ಟಿನಿಂದ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಎಸ್. ಚಂದ್ರಶೇಖರ್, ರಾಜಾರಾಮ್ ನಾಗಪ್ಪ ಮೊದಲಾದ ನಿಯಾಸ್ ತಜ್ಞರು ಈ ಉಡಾವಣೆಯನ್ನು ವಿಶ್ಲೇಷಿಸಿದರು. ಚಿತ್ರಗಳಿಂದ ರಾಕೆಟ್ಟಿನ ಅಳತೆ, ಹಂತಗಳು ಬೀಳುವ ಕಡಲಪ್ರದೇಶದ ಮುನ್ಸೂಚನೆಯಿಂದ ಅದರ ಪಥ, ಕಕ್ಷೆಯಿಂದ ಅದರ ಸಾಮರ್ಥ್ಯ ಹೊರಬೀಳುತ್ತವೆ. ದಕ್ಷಿಣ ಕೊರಿಯಾ ಸಮುದ್ರದಿಂದ ಎತ್ತಿದ ಮೊದಲ ಹಂತದ ಆಕ್ಸಿಡೀಕಾರಕ ಟ್ಯಾಂಕು ಇಂಥ ಅಧ್ಯಯನಕ್ಕೆ ಅಮೂಲ್ಯ ಸಾಕ್ಷ್ಯ. ಉತ್ತರ ಕೊರಿಯಾದ ಅಣುಪರೀಕ್ಷಾ ನೆಲೆ ಪುಂಗ್ಯೆ-ರಿಯಲ್ಲಿ 2006ರಿಂದ 2017ರವರೆಗೆ ನಡೆದ ಆರು ಅಣುಪರೀಕ್ಷೆಗಳ ತೀವ್ರತೆಯನ್ನು ಅಂದಾಜಿಸಲು ಭೂಕಂಪನ ದಾಖಲೆಗಳು ನೆರವಾದವು.

ಮಿತಿ: ಲೋಹ, ಇಂಧನಗಳ ಲೆಕ್ಕ ಸಿಕ್ಕಷ್ಟು ಸುಲಭವಾಗಿ ಆಡಳಿತದ ಒಳಮನಸ್ಸು ಸಿಗದು. ದೇಶ ತೊರೆದವರ ಹೇಳಿಕೆಗಳನ್ನೂ ಸರ್ಕಾರಿ ಮಾಧ್ಯಮಗಳನ್ನೂ ತಾಳೆ ನೋಡಿಯೇ ನಂಬಬೇಕು.

ಮಹತ್ವ: ಪಾಕಿಸ್ತಾನ 1998ರಲ್ಲಿ ಪರೀಕ್ಷಿಸಿದ ಘೌರಿ ಕ್ಷಿಪಣಿಗೆ ಉತ್ತರ ಕೊರಿಯಾದ ನೊಡಾಂಗ್ ಕ್ಷಿಪಣಿಯೇ ಮೂಲ. ಹಾಗಾಗಿ ಈ ಅಧ್ಯಯನ ಭಾರತದ ಭದ್ರತೆಗೆ ಅನಿವಾರ್ಯ.